ಕಿಲೋಗೆ ಮೂರು ಗ್ರಾಂ

ಬಸ್ತರಿನ ಮೂಟೆ ಬಂತು.
ಯಶವಂತಪುರದ ಲಾರಿ ಆಫೀಸಿನವನು ಬಾಯಿಗೆ ಕಟ್ಟಿದ ಚೀಟಿ:
‘ತವರು, ೧೨ ಕೆ.ಜಿ.’
ವಾರಿಜಾ ಮೇಡಂ ಕೆಂಪು ಪೆನ್ನು ತೆಗೆದು
ಕೊನೆಯ ಅಕ್ಷರದ ಕೊಂಬು ಹೊಡೆದು ಹಾಕಿದರು.
ತವರ. ಅಷ್ಟೇ.

ಬಿಚ್ಚಿದರೆ ಬರೀ ಮಣ್ಣು, ಕಾಫಿ ಚರಟದ ಬಣ್ಣ,
ಅಲ್ಲೊಂದು ಇಲ್ಲೊಂದು ಕಪ್ಪು ಕಣ.
ಕಿಲೋಗೆ ಮೂರು ಗ್ರಾಂ ಅಂತ ಲೆಕ್ಕ,
ಹನ್ನೆರಡಕ್ಕೆ ಮೂವತ್ತಾರು.
ನಮ್ಮ ಬೀದಿಯ ಶೆಟ್ಟರು ಏಲಕ್ಕಿಯನ್ನೂ
ಇದಕ್ಕಿಂತ ಧಾರಾಳವಾಗಿ ತೂಗುತ್ತಾರೆ.

ಪೀಣ್ಯ ಎರಡನೇ ಹಂತ. ಶೀಟಿನ ಸೂರು.
ಪಕ್ಕದ ಶೆಡ್ಡಿನಲ್ಲಿ ಲೇಥು ದಿನವಿಡೀ ಕಿರುಚುತ್ತದೆ.
ನಾನು ಅರೆಯುವವನು, ಜರಡಿ ಹಿಡಿಯುವವನು,
ಇದ್ದಿಲ ಪುಡಿ ಬೆರೆಸಿ ಕುಲುಮೆಗೆ ಇಡುವವನು.
ಈ ಕಲ್ಲು ನೇರ ಆಮ್ಲಕ್ಕೆ ಜಗ್ಗುವುದಿಲ್ಲ.
ಕುದಿಸಿ, ಬೈಯಿರಿ, ರಾತ್ರಿಯಿಡೀ ಕಾಯಿರಿ,
ಮುನಿಸಿಕೊಂಡ ಬೀಗರ ಹಾಗೆ ತಳದಲ್ಲಿ ಕೂತೇ ಇರುತ್ತದೆ.
ಮೊದಲು ಅದರೊಳಗಿನ ಗಾಳಿ ಕಸಿಯಬೇಕು.
ಒಂಬೈನೂರು ಡಿಗ್ರಿ, ಎರಡು ಗಂಟೆ,
ನಡುವೆ ಕರೆಂಟು ಹೋದರೆ ಮತ್ತೆ ಒಂದರಿಂದ.
ಆಮೇಲೆ ಬಿಸಿ ಆಮ್ಲದಲ್ಲಿ ಕರಗುತ್ತದೆ,
ಒಂಟಿಯಾಗಿ ಬಾರದೆ
ಕಬ್ಬಿಣವನ್ನೂ ಕೈಹಿಡಿದು ಕರೆತರುತ್ತದೆ.

ನಮ್ಮ ದಾದಾ ಮದಾರ್ ಸಾಬರು
ಕಾಟನ್‌ಪೇಟೆಯ ಓಣಿಗಳಲ್ಲಿ ಕಲಾಯಿ ಹಾಕಿದವರು.
ಹಿತ್ತಾಳೆ ಕೊಳಗ ಕೆಂಡದ ಮೇಲೆ ತಿರುಗಿಸುತ್ತಾ
ನವಸಾಗರ ಉದುರಿಸಿ, ಹತ್ತಿಯಲ್ಲಿ ಒಮ್ಮೆ ಸವರಿದರೆ
ಪಾತ್ರೆಯವರಿಗೆ ಪಾತ್ರೆಯೊಳಗೆ ತಮ್ಮದೇ ಮೂಗು ಕಾಣಬೇಕು.
ಕಡ್ಡಿಯನ್ನು ಸಾಬೂನಿನ ಕೊನೆ ಚೂರಿನಂತೆ
ಜಿಪುಣತನದಿಂದ ಬಳಸುತ್ತಿದ್ದರು.
ತವರ ಎಲ್ಲಿಂದ ಬರುತ್ತೆ ದಾದಾ?
‘ಅವೆನ್ಯೂ ರೋಡಿಂದ.’

ಮೊನ್ನೆ ಮೇಡಂ ದೀಪ ಆರಿಸಲು ಹೇಳಿದರು.
ತಣ್ಣೀರು ತುಂಬಿದ ಗಾಜಿನ ನಳಿಗೆಯನ್ನು
ದ್ರಾವಣದಲ್ಲಿ ಅದ್ದಿ ಬರ್ನರಿನ ಉರಿಗೆ ಹಿಡಿದರು.
ಗಾಜಿನ ಮೈಗೆ ನೀಲಿ ಹತ್ತಿತು,
ಅಮ್ಮಿ ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ,
ಬಕೆಟ್ಟಿನಲ್ಲಿ ಇನ್ನೂ ಕದಡದೆ ಇಳಿಯುವಾಗಿನದು.
‘ಇದೆ’ ಅಂದರು.
ನಳಿಗೆ ಬಿಸಿಯಾಯಿತು, ನೀಲಿ ಹೋಯಿತು.
ಲಾಗ್ ಪುಸ್ತಕದಲ್ಲಿ ಬಣ್ಣಕ್ಕೆ ಕಾಲಂ ಇರಲಿಲ್ಲ.
ಮೇಡಂ ಅಂಚಿನಲ್ಲಿ ಸಣ್ಣಗೆ ಬರೆದರು: ಚೆನ್ನಾಗಿತ್ತು.

ಸಂಜೆ ಸತುವಿನ ತಗಡು ಇಳಿಬಿಟ್ಟೆವು.
ಸತು ತಾನು ಕರಗುತ್ತ ತವರವನ್ನು ಹೊರಗೆ ಕಳಿಸುತ್ತದೆ.
ಬೆಳಗ್ಗೆ ತಗಡಿನ ತುಂಬ ಬೂದು ಪಾಚಿ,
ಮುಟ್ಟಿದರೆ ಬೆರಳಿಗೇ ಬರುತ್ತದೆ.
ತೊಳೆದು, ಹಿಂಡಿ, ಮೂಸೆಗೆ ಹಾಕಿ
ಮೇಲೊಂದು ಚಿಟಿಕೆ ನವಸಾಗರ.
ಹೊಗೆ ಎದ್ದಿತು.
ಮಾಸ್ಕಿನೊಳಗೂ ಕಾಟನ್‌ಪೇಟೆ ನುಗ್ಗಿತು.

ಇಪ್ಪತ್ತೈದು ಗ್ರಾಂ.
ಪೆನ್ಸಿಲ್ಲಿಗಿಂತ ತೆಳ್ಳಗೆ,
ಗೇಣಿಗೆ ಎರಡು ಬೆರಳು ಕಡಿಮೆ.

ದಾದಾ ಅಂಗಡಿಯಲ್ಲಿ ಕಡ್ಡಿ ಕೊಳ್ಳುವಾಗ
ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದರು.
ಸೀಸ ಬೆರೆಸಿದ್ದರೆ ಸುಮ್ಮನಿರುತ್ತದೆ,
ಅಸಲಿಯಾದರೆ ಅಳುತ್ತದೆ ಅನ್ನುತ್ತಿದ್ದರು.
ನಾನೂ ಬಗ್ಗಿಸಿದೆ.
ಕಿರ್ರ್, ಕಟಕಟ,
ನಿದ್ದೆಯಲ್ಲಿ ಮಗು ಹಲ್ಲು ಕಡಿದ ಹಾಗೆ.
‘ಇಲಿಯಾಸ್, ಸ್ಯಾಂಪಲ್ ಬಗ್ಗಿಸಬಾರದು.’
ಲೇಥು ಒಂದು ಗಳಿಗೆ ನಿಂತಿತ್ತು.
‘ಇನ್ನೊಂದು ಸಲ’ ಅಂದರು,
ಕೂದಲು ಕಿವಿಯ ಹಿಂದೆ ಸರಿಸುತ್ತ.

ವರದಿಯಲ್ಲಿ ಕೂಗಿನ ಮಾತಿಲ್ಲ.
ಇದ್ದಿಲು ಇಷ್ಟು, ಆಮ್ಲ ಇಷ್ಟು, ಕರೆಂಟು ಇಷ್ಟು,
ಕರಗಿದ ಸತುವೇ ತವರಕ್ಕಿಂತ ಹೆಚ್ಚು.
ಸದ್ಯದ ದರದಲ್ಲಿ ಲಾಭವಿಲ್ಲ. ಸಹಿ.
ಉಳಿದ ಆಮ್ಲಕ್ಕೆ ಸುಣ್ಣ ಸುರಿದು
ಟ್ಯಾಂಕರಿನವನಿಗೆ ಫೋನು ಮಾಡಿದೆ.

ಇನ್ನು ಹನ್ನೊಂದು ಗ್ರಾಂ ಎಲ್ಲಿ ಅಂತ
ಮೇಡಂ ಕೇಳುತ್ತಲೇ ಇದ್ದಾರೆ.
ರಾಡಿಯಲ್ಲಿ ಸ್ವಲ್ಪ, ಸೋಸುವ ಕಾಗದದಲ್ಲಿ ಸ್ವಲ್ಪ,
ಮೂಸೆಯ ಬಿರುಕಿನಲ್ಲಿ, ಕಿಟಕಿಯ ಧೂಳಿನಲ್ಲಿ.
ಇವತ್ತು ಊಟಕ್ಕೆ ಮೊದಲು
ಎರಡು ಸಲ ಕೈ ತೊಳೆದೆ.
ಉಗುರಿನ ಕೆಳಗಿನದು ಹೋಗಲಿಲ್ಲ.